ಕೇಳದೆ ಮಾಡಿದ ಕಟ್ಟಳೆ

ನಮ್ಮ ಅಪಾರ್ಟ್‌ಮೆಂಟಿನ ಸರ್ವಸದಸ್ಯರ ಸಭೆ ಮುಗಿಸಿ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಟ್ಯಾಂಕರ್ ಖರ್ಚು ತಗ್ಗಿಸಲು ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ನಲ್ಲಿ ನೀರು ನಿಲ್ಲಿಸುವುದೆಂದು ಕೈ ಎತ್ತಿಸಿ ತೀರ್ಮಾನಿಸಿಬಿಟ್ಟರು. ಚರ್ಚೆಯಾಗಲಿ ಎಂದದ್ದಕ್ಕೆ, "ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ವಲ್ಲ ಸಾರ್, ಆಗ ಯಾರೂ ಬೇಡ ಅನ್ನಲಿಲ್ಲ" ಎಂಬ ಉತ್ತರ ಬಂತು.

ಸುಮ್ಮನಿದ್ದವರೆಲ್ಲ ಒಪ್ಪಿದವರೇ?

ನೀರು ಉಳಿಸುವುದರ ಬಗ್ಗೆ ನನಗೆ ಎರಡು ಮಾತಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ್ದನ್ನು ಬೆಂಗಳೂರಿನವರು ಮರೆತಿರಲಾರರು. ನನ್ನ ತಕರಾರು ಇಷ್ಟೇ: ನಮ್ಮಲ್ಲಿ ಮನೆಗೆಲಸದ ಹೆಂಗಸರು ಬರುವುದೇ ಹನ್ನೊಂದರ ಸುಮಾರಿಗೆ. ಆ ಹೊತ್ತಿಗೆ ಸಿಂಕಿನಲ್ಲಿ ಅನ್ನ ತಳಹಿಡಿದ ಕುಕ್ಕರು, ಹಿಟ್ಟು ಒಣಗಿದ ಗ್ರೈಂಡರ್ ಪಾತ್ರೆ. ಎಲ್ಲವನ್ನೂ ಅವರು ಒಂದು ಬಕೆಟ್ ನೀರಿನಲ್ಲಿ ತಿಕ್ಕಬೇಕೆಂದು ನಿರ್ಧರಿಸಿದ ನಾವು ಅವರನ್ನು ಒಂದು ಮಾತು ಕೇಳಲಿಲ್ಲ. ಬಾಡಿಗೆದಾರರನ್ನೂ ಕೇಳಲಿಲ್ಲ.

ನಾನು ಕೋಲಾರದ ಕಡೆಯವನೆಂಬುದು ನಿಮಗೆ ಗೊತ್ತು. ಅಲ್ಲಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯ ಮಾತು ನಡೆಯುತ್ತಿದ್ದುದು, ಕೆರೆಯಲ್ಲಿರುವ ನೀರು ಎಷ್ಟು ಜಮೀನಿಗೆ ಸಾಕೆಂಬುದನ್ನು ಅಚ್ಚುಕಟ್ಟಿನ (ಆ ಕೆರೆಯ ನೀರು ಹರಿಯುವ ಜಮೀನಿನ) ರೈತರು ಮೊದಲೇ ಕೂತು ಗೊತ್ತುಮಾಡಿಕೊಳ್ಳುತ್ತಿದ್ದರಿಂದ. ಆದರೆ ನೀರುಗಂಟಿಗಳಲ್ಲಿ ಬಹುಪಾಲು ದಲಿತರು. ಕಾಲುವೆಯುದ್ದಕ್ಕೂ ಕೆಸರು ತುಳಿದ ಅವರಿಗೆ ಆ ಕೂಟದಲ್ಲಿ ಸಮನಾದ ಜಾಗವಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಊರಿನ ಆ ತಪ್ಪನ್ನು ನಗರದ ಐದನೇ ಮಹಡಿಗೂ ಹೊತ್ತು ತರಬೇಕೇ? ನೀರು, ಕಾಡು, ಹುಲ್ಲುಗಾವಲುಗಳನ್ನು ಜನ ಹೇಗೆ ಹಂಚಿಕೊಂಡು ಉಳಿಸಿಕೊಳ್ಳುತ್ತಾರೆಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕಂಡುಕೊಂಡದ್ದೂ ಇದನ್ನೇ: ನಿಯಮಕ್ಕೆ ಒಳಪಡುವವರಿಗೆ ಅದನ್ನು ತಿದ್ದುವುದರಲ್ಲಿ ಪಾಲಿದ್ದ ಕಡೆಗಳಲ್ಲಿ ವ್ಯವಸ್ಥೆ ಬಹುಕಾಲ ಬಾಳಿದೆ.

ಎಲ್ಲರನ್ನೂ ಕೇಳುತ್ತ ಕೂತರೆ ಕೆಲಸ ಸಾಗುವುದಿಲ್ಲ ಎನ್ನುವವರಿದ್ದಾರೆ. ಕೇಳದೆ ಮಾಡಿದ್ದು ಎಷ್ಟು ಸಾಗಿದೆ? ಹಸಿ ಕಸ, ಒಣ ಕಸ ಬೇರೆ ಮಾಡಿ ಎಂಬ ನೋಟೀಸು ಲಿಫ್ಟಿನೊಳಗೆ ಬಣ್ಣಗೆಟ್ಟಿದೆ. ಕೆಳಗಿನ ಡ್ರಮ್ಮಿನಲ್ಲಿ ಡಯಾಪರ್, ಬಾಳೆಸಿಪ್ಪೆ ಒಟ್ಟಿಗೇ ಬಿದ್ದಿರುತ್ತವೆ.

ಸಭೆ ಮುಗಿದ ಮೇಲೆ ನಮ್ಮ ಮನೆಗೆ ಬರುವ ಅಕ್ಕನನ್ನೇ ಕೇಳಿದೆ. "ಮಧ್ಯಾಹ್ನ ಒಂದು ಗಂಟೆ ಮೇಲೆ ನಿಲ್ಲಿಸಿದ್ರೆ ಸಾಕಲ್ವಾ ಸಾರ್, ಅಷ್ಟೊತ್ತಿಗೆ ನಮ್ದೆಲ್ಲ ಮುಗಿದಿರುತ್ತೆ" ಎಂದರು. ಅವರನ್ನೂ ಬಾಡಿಗೆದಾರರನ್ನೂ ಕೂರಿಸಿಕೊಂಡು ಮತ್ತೆ ಸಭೆ ಕರೆಯಬೇಕೆಂದು ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ. ನಮ್ಮ ಕಟ್ಟಡದ ಗೆಳೆಯರು ದಯವಿಟ್ಟು ಆ ಪತ್ರಕ್ಕೆ ಸಹಿ ಹಾಕಿ.