ಗಾಳಿ ಬೇಯಿಸುವ ಪೆಟ್ಟಿಗೆ

ಈಗಷ್ಟೇ ಅಡುಗೆಮನೆಗೆ ಹೋಗಿ ಮೈಕ್ರೋವೇವ್ ಆರಿಸಿ ಬಂದೆ. ದೀಪ ಉರಿಯುತ್ತಿತ್ತು, ಫ್ಯಾನ್ ಗುಂಯ್ ಅನ್ನುತ್ತಿತ್ತು, ಗಾಜಿನ ತಟ್ಟೆ ನಿಧಾನಕ್ಕೆ ಸುತ್ತುತ್ತಿತ್ತು. ತಟ್ಟೆಯ ಮೇಲೆ ಮಾತ್ರ ಏನೂ ಇರಲಿಲ್ಲ. ಹಾಲು ಬಿಸಿ ಮಾಡಿಕೊಂಡವರು ಲೋಟ ಹಿಡಿದು ಸೋಫಾದಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು.

"ರೀ, ಮತ್ತೆ ಗಾಳಿ ಬೇಯಿಸ್ತಿದೀರಾ?"

"ನಾನೆಲ್ಲಿ ಬೇಯಿಸ್ದೆ? ಅದೇ ಶುರುವಾಗಿರಬೇಕು."

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನನಗೆ ಜಾಸ್ತಿ ಉರಿಯುವುದು ಅದಕ್ಕೇ.

ನಮ್ಮದು ಅಂಗಡಿಯಲ್ಲಿದ್ದ ಓವನ್‌ಗಳಲ್ಲೇ ಅಗ್ಗದ್ದು. ಗ್ರಿಲ್ ಇಲ್ಲ, ಕನ್ವೆಕ್ಷನ್ ಇಲ್ಲ, ಟೈಮ್ ತೋರಿಸುವ ಅಂಕಿಗಳೂ ಇಲ್ಲ. ಇರುವುದು ಎರಡು ನಾಬ್: ಪವರ್ ಒಂದು, ಟೈಮರ್ ಒಂದು. "ಸದ್ಯಕ್ಕೆ ಇದು ಸಾಕು, ಆಮೇಲೆ ಒಳ್ಳೇದು ತಗೊಂಡರಾಯ್ತು" ಎಂದವರು ಇವರೇ. ಮನೆಯಲ್ಲಿ ಸದ್ಯಕ್ಕೆ ಅಂತ ತಂದ ಸಾಮಾನಿಗೆ ಇರುವ ಆಯುಸ್ಸು ಬೇರೆ ಯಾವುದಕ್ಕೂ ಇರುವುದಿಲ್ಲ.

ಆ ಟೈಮರ್ ನಾಬ್‌ನಲ್ಲಿ ಅರ್ಧ ನಿಮಿಷಕ್ಕೆ ಇಡುವುದೆಂದರೆ ಬರೀ ಅಂದಾಜು. ಕೂದಲೆಳೆಯಷ್ಟು ಹೆಚ್ಚಾದರೆ ಹಾಲು ಲೋಟದ ಹೊರಗೆ. ಕಡಿಮೆಯಾದರೆ ಕೈ ತೆಗೆಯುವುದರೊಳಗೆ 'ಟಿಂಗ್' ಅಂದು ಸುಮ್ಮನಾಗುತ್ತದೆ. ಎರಡು ನಿಮಿಷದ ಗೆರೆ ದಾಟಿಸಿ ಹಿಂದಕ್ಕೆ ತಿರುಗಿಸಿ ಅಂತ ಅದರ ಜೊತೆ ಬಂದ ಪುಸ್ತಕದಲ್ಲಿ ಬರೆದಿದೆ. ಆ ಪುಸ್ತಕವನ್ನು ಮನೆಯಲ್ಲಿ ಓದಿದವಳು ನಾನೊಬ್ಬಳೇ.

ನಮ್ಮ ಯಜಮಾನರಿಗೆ ಆ ಟಿಂಗ್ ಕೇಳುವ ತನಕ ತಾಳ್ಮೆ ಇಲ್ಲ. ಎರಡು ನಿಮಿಷಕ್ಕೆ ಇಟ್ಟು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿರುತ್ತಾರೆ. ಮುಕ್ಕಾಲು ನಿಮಿಷಕ್ಕೆ "ಆಗಿರತ್ತೆ" ಅಂತ ತೆಗೆದು, ಬೆರಳು ಅದ್ದಿ, "ಇನ್ನೊಂಚೂರು" ಅಂತ ಮುಚ್ಚುತ್ತಾರೆ. ಮತ್ತೆ ತೆಗೆಯುತ್ತಾರೆ. ಮತ್ತೆ ಬೆರಳು. ಕೊನೆಗೆ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಬಾಗಿಲನ್ನು ಮೊಣಕೈಯಲ್ಲಿ ತಳ್ಳಿ ಹೊರಟುಬಿಡುತ್ತಾರೆ. ನಾಬ್ ಇನ್ನೂ ಒಂದರ ಮೇಲೇ ಇರುತ್ತದೆ. ಡಿಜಿಟಲ್ ಓವನ್ ಆಗಿದ್ದರೆ ಮತ್ತೆ ಸ್ಟಾರ್ಟ್ ಒತ್ತಬೇಕು. ಇದರಲ್ಲಿ ಬಾಗಿಲು ಮುಚ್ಚಿದರೆ ಅದೇ ಸ್ಟಾರ್ಟು. ಉಳಿದ ಟೈಮಿನಷ್ಟೂ ಅದು ಶ್ರದ್ಧೆಯಿಂದ ಗಾಳಿಗೆ ಬಡಿಸುತ್ತಾ ಕೂರುತ್ತದೆ.

ಒಳಗೆ ಹೀರಿಕೊಳ್ಳಲು ಏನೂ ಇಲ್ಲದಿದ್ದರೆ ಮೈಕ್ರೋವೇವ್ ಅಲೆಗಳು ತಿರುಗಿ ಅವನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್‌ಗೇ ಬಡಿಯುತ್ತವೆ, ಅದು ಕೆಡುತ್ತದೆ ಅಂತ ಎಷ್ಟು ಸಲ ಬಿಡಿಸಿ ಹೇಳಿದರೂ ಅಷ್ಟೇ. ಒಂದು ದಿನ ಎಲ್ಲಿಂದಲೋ ಓದಿಕೊಂಡು ಬಂದು ನನಗೇ ಪಾಠ ಶುರು ಮಾಡಿದರು. 1945ರಲ್ಲಿ ಪರ್ಸಿ ಸ್ಪೆನ್ಸರ್ ಅನ್ನುವ ಎಂಜಿನಿಯರ್ ರಾಡಾರಿನ ಮ್ಯಾಗ್ನೆಟ್ರಾನ್ ಹತ್ತಿರ ಕೆಲಸ ಮಾಡುತ್ತಿದ್ದಾಗ ಜೇಬಿನಲ್ಲಿದ್ದ ಚಾಕೊಲೇಟ್ ಕರಗಿತಂತೆ, ಓವನ್ ಹುಟ್ಟಿದ್ದೇ ಹಾಗಂತೆ. "ಅವನೇನು ಟಿಂಗ್ ಅನ್ನೋ ತನಕ ಕಾದಿದ್ನಾ?"

ನಾನೂ ಓದಿದ್ದೆ. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಓವನ್ ಆಳೆತ್ತರ ಇತ್ತು, ಸುಮಾರು 340 ಕಿಲೋ ತೂಗುತ್ತಿತ್ತು. "ಅದನ್ನೇ ತರಿಸೋಣ, ಮೊಣಕೈ ಏನಾಗತ್ತೆ ನೋಡೋಣ" ಅಂದೆ.

ಇಷ್ಟೆಲ್ಲಾ ಅವಸರ ಮಾಡಿ ಊಟಕ್ಕೆ ಕೂತ ಮೇಲೆ ದೂರು ಬೇರೆ: "ಅನ್ನ ನಡುವೆ ತಣ್ಣಗಿದೆಯಲ್ಲೇ!" ಇರದೆ ಏನು? ಅಲೆಗಳು ಒಳಗೆ ಇಳಿಯುವುದೇ ಎರಡು ಮೂರು ಸೆಂಟಿಮೀಟರ್. ಅದೂ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಅದನ್ನು ಸರಿದೂಗಿಸಲಿ ಅಂತಲೇ ತಟ್ಟೆ ಸುತ್ತುವುದು. ಇವರು ಬಟ್ಟಲನ್ನು ತಟ್ಟೆಯ ಮಧ್ಯಕ್ಕೆ, ಅಂದರೆ ಸುತ್ತಿದರೂ ಜಾಗ ಬದಲಾಗದ ಆ ಒಂದೇ ಒಂದು ಕಡೆಗೆ, ಅಳತೆ ಮಾಡಿದಂತೆ ಇಡುತ್ತಾರೆ. ಸ್ವಲ್ಪ ಪಕ್ಕಕ್ಕಿಡಿ ಎಂದರೆ "ಬೀಳತ್ತೆ" ಅನ್ನುತ್ತಾರೆ. ಎಲ್ಲಿಗೆ ಬೀಳತ್ತೆ?

ಕಪ್ಪಿನ ಹಿಡಿ ಯಾವಾಗಲೂ ಹಿಂಬದಿಗೇ ಹೋಗಿ ನಿಲ್ಲುವ ವಿಷಯ ನಾನು ಎತ್ತುವುದಿಲ್ಲ. ಅದು ಎಲ್ಲರ ಮನೆಯ ಹಣೆಬರಹ.

ಆ ತಟ್ಟೆ ಒಮ್ಮೆ ಎಡಕ್ಕೆ ತಿರುಗಿದರೆ ಇನ್ನೊಮ್ಮೆ ಬಲಕ್ಕೆ. ಅದರ ಪುಟ್ಟ ಮೋಟರಿಗೆ ದಿಕ್ಕಿನ ಹಂಗಿಲ್ಲ, ಶುರುವಾದಾಗ ಯಾವ ಕಡೆ ಸಿಕ್ಕಿತೋ ಆ ಕಡೆ. ಮಗಳು ಚಿಕ್ಕವಳಿದ್ದಾಗ ಸ್ಟೂಲ್ ಹಾಕಿಕೊಂಡು ಕೂತು ಅಪ್ಪನ ಹತ್ತಿರ ಪಂದ್ಯ ಕಟ್ಟುತ್ತಿದ್ದಳು. "ಈ ಸಲ ಎಡ!" ಸೋತವರು ಲೋಟ ತೊಳೆಯಬೇಕು. ಆಗ ಇವರೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಿಂಗ್ ಅನ್ನುವವರೆಗೆ ಕದಲುತ್ತಿರಲಿಲ್ಲ. ಅವಳೀಗ ಹಾಸ್ಟೆಲ್‌ನಲ್ಲಿದ್ದಾಳೆ. ಫೋನ್ ಮಾಡಿದರೆ ಮೆಸ್‌ನಲ್ಲಿ ಎಲ್ಲಾ ತಣ್ಣಗಿರುತ್ತದೆ ಅನ್ನುತ್ತಾಳೆ.

ಇರಲಿ. ಪುಸ್ತಕದಲ್ಲೇ ಒಂದು ಉಪಾಯವೂ ಇತ್ತು: ಬಳಸದಿರುವಾಗ ಒಳಗೊಂದು ಲೋಟ ನೀರಿಡಿ, ತಪ್ಪಿ ಚಾಲೂ ಆದರೂ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ನಿನ್ನೆ ಇಟ್ಟೆ. ಸಂಜೆ ಇವರು ಎಂದಿನಂತೆ ಹಾಲು ತಗೊಂಡು ಬಂದರು. ನೀರಿನ ಲೋಟ ತೆಗೆದು ಹೊರಗಿಟ್ಟರು, ಹಾಲು ಬಿಸಿ ಮಾಡಿದರು, ನೆನಪಿಟ್ಟುಕೊಂಡು ನೀರನ್ನು ವಾಪಸ್ ಒಳಗಿಟ್ಟು ಮುಚ್ಚಿದರು. ನನಗೆ ಕಣ್ಣು ತುಂಬಿ ಬಂತು.

ಅರ್ಧ ನಿಮಿಷವೂ ಆಗಿರಲಿಲ್ಲ, ಒಳಗಿನಿಂದ ಗುಂಯ್ ಕೇಳಿ ತಿರುಗಿ ಬಂದು ಬಾಗಿಲು ತೆಗೆದರು. ಲೋಟಕ್ಕೆ ಬೆರಳು ಅದ್ದಿದರು.

"ಅರೆ, ಬಿಸಿನೀರು! ನನಗೇ ಇಟ್ಟಿದ್ಯೇನೇ?"

ಎರಡೂ ಲೋಟ ಹಿಡಿದುಕೊಂಡು, ಮೊಣಕೈಯಲ್ಲಿ ಬಾಗಿಲು ತಳ್ಳಿ ಹೊರಟರು. ನಾಬ್ ಇನ್ನೂ ಅರ್ಧದಲ್ಲೇ ಇತ್ತು.