ಒಂದು ಡಾಲರ್ ಬಾಕಿ

ನಮ್ಮ ಮಾವನವರಿಗೆ ಜೂಜು ಅಂದರೆ ಪೇಪರಿನಲ್ಲಿ ಓದಿ ಗೊತ್ತಿರುವುದೇ ಜಾಸ್ತಿ. ‘ಅಂದರ್ ಬಾಹರ್: ಎಂಟು ಮಂದಿ ಬಂಧನ’ ಅನ್ನುವ ಸುದ್ದಿ ಒಳಪುಟದ ಮೂಲೆಯಲ್ಲಿ ಇದ್ದೇ ಇರುತ್ತದೆ ಅಲ್ವಾ, ಊರಾಚೆಯ ತೋಟದ ಮನೆ, ಖಚಿತ ಮಾಹಿತಿ ಮೇರೆಗೆ ದಾಳಿ, ಪಣಕ್ಕಿಟ್ಟಿದ್ದ ಇಷ್ಟು ನಗದು ವಶ, ಇಬ್ಬರು ಪರಾರಿ. ಅರಸೀಕೆರೆಯ ಮನೆಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ ಅವರು ಅದನ್ನು ತಪ್ಪದೆ ಓದುತ್ತಾರೆ. ಓದಿ, ಸಿಕ್ಕ ಹಣವನ್ನು ಸಿಕ್ಕ ಜನರಿಂದ ಭಾಗಿಸುತ್ತಾರೆ. “ತಲೆಗೆ ಆರುನೂರು ರೂಪಾಯಿನೂ ಬರಲಿಲ್ಲ, ಇದಕ್ಕೆ ಒಂದು ಜೀಪು!” ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವರು. ಲೆಕ್ಕ ಟ್ಯಾಲಿ ಆಗದೆ ಪೇಪರ್ ಮಡಚುವುದಿಲ್ಲ.

ಅಂಥವರನ್ನು 2024ರ ಮಾರ್ಚ್ ಕೊನೆಯಲ್ಲಿ ಜೂಜಿಗೇ ಹೆಸರಾದ ಲಾಸ್ ವೇಗಸ್‌ನ ಟ್ರಾಪಿಕಾನಾ ಎಂಬ ಕ್ಯಾಸಿನೊ ಹೋಟೆಲಿಗೆ ಕರೆದುಕೊಂಡು ಹೋದೆ. ಅಮೆರಿಕಕ್ಕೆ ಬರುವ ನಮ್ಮ ಕಡೆಯ ಅಪ್ಪ-ಅಮ್ಮಂದಿರಿಗೆಲ್ಲ ಒಂದು ಮಾಮೂಲಿ ಪ್ರವಾಸ ಇದೆ: ಗ್ರ್ಯಾಂಡ್ ಕ್ಯಾನ್ಯನ್, ಹೂವರ್ ಡ್ಯಾಮ್, ನಡುವೆ ವೇಗಸ್‌ನ ದೀಪಗಳು. ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ. ವೇಗಸ್‌ಗೆ ಹೋಗುವುದು ಹೇಗೂ ಇತ್ತು, ಆದರೆ ಟ್ರಾಪಿಕಾನಾಗೇ ಹೋಗಬೇಕು ಅಂದದ್ದು ನಾನು. ಏಪ್ರಿಲ್ 2ರ ಮಧ್ಯಾಹ್ನ ಅದು ಶಾಶ್ವತವಾಗಿ ಬಾಗಿಲು ಹಾಕುವುದಿತ್ತು. ಈ ದೇಶಕ್ಕೆ ಬಂದ ಹೊಸದರಲ್ಲಿ, ಪಕ್ಕದ ದೊಡ್ಡ ಹೋಟೆಲುಗಳ ರೇಟು ನೋಡಿ ಗಾಬರಿಯಾಗಿ, ರೂಮು ಮಾಡಿದ್ದು ಅಲ್ಲೇ. ಆ ಸಲುಗೆ.

“ಮುಚ್ಚೋ ಅಂಗಡಿಗೆ ಹೋಗಿ ಏನು ನೋಡೋದು?” ಅಂದರು ಮಾವ. “ಡಿಸ್ಕೌಂಟ್ ಏನಾದ್ರೂ ಇದ್ಯಾ?”

ಇರಲಿಲ್ಲ. ಆದರೂ ಜನ ಇದ್ದರು. ಸಾಮಾನ್ಯವಾಗಿ ಆ ಹೋಟೆಲಿನಲ್ಲಿ ಇರುವುದಕ್ಕಿಂತ ಜಾಸ್ತಿಯೇ ಇದ್ದರು, ಅದೂ ವಯಸ್ಸಾದವರು. ಕೋಲು ಊರಿಕೊಂಡು ಬಂದವರು, ಗಾಲಿಕುರ್ಚಿಯಲ್ಲಿ ಬಂದವರು, ಹಳೇ ಫೋಟೊ ಹಿಡಿದುಕೊಂಡು ಅದೇ ಜಾಗ ಹುಡುಕುತ್ತಿದ್ದ ಒಂದು ಜೋಡಿ. ಆ ಜಾಗ ಈಗಿಲ್ಲ, ಯಾವುದೋ ನವೀಕರಣದಲ್ಲಿ ಗೋಡೆ ಎದ್ದಿದೆ. ಗೋಡೆಯ ಮುಂದೆಯೇ ನಿಂತು ಫೋಟೊ ತೆಗೆಸಿಕೊಂಡರು. ವೇಗಸ್‌ನಲ್ಲಿ ನೆನಪುಗಳಿಗೆ ವಿಳಾಸ ಸಿಗುವುದು ಕಷ್ಟ. ಐದು ವರ್ಷ ಬಿಟ್ಟು ಹೋದರೆ ದಾರಿ ತಪ್ಪುತ್ತದೆ.

1957ರ ಏಪ್ರಿಲ್‌ನಲ್ಲಿ ಇದು ಶುರುವಾದಾಗ ಮುನ್ನೂರು ರೂಮು, ಎದುರಿಗೆ ಟ್ಯುಲಿಪ್ ಹೂವಿನ ಆಕಾರದ ಅರವತ್ತು ಅಡಿಯ ಕಾರಂಜಿ, ಆಗಿನ ಕಾಲಕ್ಕೆ ಒಂದೂವರೆ ಕೋಟಿ ಡಾಲರ್ ಖರ್ಚು. ‘ಸ್ಟ್ರಿಪ್‌ನ ಟಿಫನಿ’ ಅಂತ ಜನ ಕರೆಯುತ್ತಿದ್ದರು, ಅಂದರೆ ವೇಗಸ್‌ನ ಕ್ಯಾಸಿನೊ ಬೀದಿಗೆ ಇದು ಟಿಫನಿ ಒಡವೆ ಅಂಗಡಿ ಇದ್ದ ಹಾಗೆ, ಅಷ್ಟು ದುಬಾರಿ, ಅಷ್ಟು ನಾಜೂಕು. ಪ್ಯಾರಿಸ್‌ನಿಂದ ತಂದ ಫೋಲಿ ಬರ್ಜೇರ್ ಎಂಬ ಗರಿ-ಮಿಂಚಿನ ನೃತ್ಯ ಪ್ರದರ್ಶನ 1959ರಿಂದ 2009ರವರೆಗೆ ಅಲ್ಲಿ ನಡೆಯಿತು. ಐವತ್ತು ವರ್ಷ ಒಂದೇ ಹೋಟೆಲಿನಲ್ಲಿ! ನಾನು ಹೋಗುವ ಹೊತ್ತಿಗೆ ಆ ಠೀವಿಯೆಲ್ಲ ಇಳಿದು, ಮಯಾಮಿ ಬೀಚಿನ ಥರ ಬಿಳಿ ಬಣ್ಣ ಬಳಿಸಿಕೊಂಡು, ಬಜೆಟ್ ಹೋಟೆಲಾಗಿತ್ತು. ರೂಮು ಸಾವಿರದ ನಾನೂರರ ಮೇಲೆ. ಕಾರಿಡಾರಿನಲ್ಲಿ ಹಳೇ ಸಿಗರೇಟಿನ ವಾಸನೆ, ಅದನ್ನು ಮುಚ್ಚಲು ಹೊಡೆದ ತೆಂಗಿನಕಾಯಿ ಪರಿಮಳದ ಸ್ಪ್ರೇ. ಎರಡೂ ಒಟ್ಟಿಗೇ ಬರುತ್ತಿದ್ದವು.

ಆದರೆ ಚಾವಣಿ ಮಾತ್ರ ಹಾಗೇ ಇತ್ತು. ಇಸ್ಪೀಟಿನ ಮೇಜುಗಳ ಮೇಲೆ ಉದ್ದಕ್ಕೂ ಬಣ್ಣದ ಗಾಜಿನ ಚಾವಣಿ, ನಾಲ್ಕು ಸಾವಿರ ಚದರ ಅಡಿ, 1979ರಲ್ಲಿ ಹತ್ತು ಲಕ್ಷ ಡಾಲರ್ ಕೊಟ್ಟು ಹಾಕಿಸಿದ್ದು. ಗಾಜಿನ ಎಲೆ, ಗಾಜಿನ ಹೂವು, ನಡುವೆ ಸೀಸದ ಗೆರೆಗಳು, ಹಿಂದಿನಿಂದ ಬರುವ ಬೆಳಕು. ತಮಾಷೆ ಏನೆಂದರೆ ಅದರ ಕೆಳಗೆ ಕೂತವರು ಯಾರೂ ಮೇಲೆ ನೋಡುತ್ತಿರಲಿಲ್ಲ. ಕ್ಯಾಸಿನೊದಲ್ಲಿ ಕಣ್ಣು ಯಾವಾಗಲೂ ಕೆಳಗೇ ಇರುತ್ತದೆ. ಆ ದಿನ ಎಲ್ಲರೂ ಕತ್ತು ಎತ್ತಿ ನಿಂತಿದ್ದರು, ಮೊಬೈಲ್ ಮೇಲಕ್ಕೆ ಹಿಡಿದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ. ಮಾವ ಮಾತ್ರ ಮೇಜು ನೋಡುತ್ತಿದ್ದರು.

ಅವರು ನೋಡುತ್ತಿದ್ದದ್ದು ಎಲೆ ಹಂಚುವ ಒಬ್ಬ ಡೀಲರ್‌ನ ಕೈ. ಪಾಳಿ ಮುಗಿದು ಮೇಜು ಬಿಡುವಾಗ ಆತ ಎರಡೂ ಅಂಗೈ ಸೇರಿಸಿ ಚಪ್ಪಾಳೆ ಹೊಡೆದಂತೆ ಮಾಡಿ, ಮೇಲಕ್ಕೂ ಕೆಳಕ್ಕೂ ತಿರುಗಿಸಿ, ಬೆರಳು ಬಿಡಿಸಿ ತೋರಿಸಿ ಹೊರಟ. ಯಾರಿಗೆ ತೋರಿಸಿದ್ದು ಅಂತ ಮಾವನವರಿಗೆ ಅರ್ಥವಾಗಲಿಲ್ಲ. ಮೇಲಿರುವ ಕ್ಯಾಮೆರಾಗೆ ಅಂದೆ, ಕೈಯಲ್ಲಿ ಏನೂ ಬಚ್ಚಿಟ್ಟುಕೊಂಡಿಲ್ಲ ಅನ್ನುವುದಕ್ಕೆ. ಅವರ ಮುಖ ಅರಳಿತು. ಗ್ರ್ಯಾಂಡ್ ಕ್ಯಾನ್ಯನ್ ನೋಡಿದಾಗ ಇಷ್ಟು ಅರಳಿರಲಿಲ್ಲ, ಖಂಡಿತ. “ಚೆನ್ನಾಗಿದೆ ಕಣ್ರೀ ಇದು,” ಅಂದರು. “ಎಷ್ಟು ಸಿಂಪಲ್ಲು!” ಸಂಜೆಯವರೆಗೆ ಎರಡು ಮೂರು ಸಲ ಸುಮ್ನೆ ತಾವೇ ಮಾಡಿ ನೋಡಿದರು.

ಇಷ್ಟು ಹುಷಾರಿ ಇರುವ ಕಡೆಯೇ ಕಳವು ಆಗಿದ್ದು ಅನ್ನುವುದು ಇದರ ಹಳೇ ಕಥೆ. ಮಾವನಿಗೆ ಕಾಫಿ ಕುಡಿಯುತ್ತಾ ಹೇಳಿದೆ. ಹೋಟೆಲ್ ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ, 1957ರ ಮೇ 2ರಂದು ನ್ಯೂಯಾರ್ಕಿನಲ್ಲಿ ಫ್ರ್ಯಾಂಕ್ ಕಾಸ್ಟೆಲೊ ಎಂಬ ಮಾಫಿಯಾ ದೊರೆಯ ಮೇಲೆ ಯಾರೋ ಗುಂಡು ಹಾರಿಸಿದರು. ಗುಂಡು ತಲೆ ಸವರಿಕೊಂಡು ಹೋಯಿತು, ಮನುಷ್ಯ ಬದುಕಿದ. ಪೊಲೀಸರಿಗೆ ಅವನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. 6,51,284 ಡಾಲರ್ ಅಂತ ಬರೆದಿತ್ತು. ನೋಡಿದರೆ, ಟ್ರಾಪಿಕಾನಾ ಕ್ಯಾಸಿನೊದ ಆರಂಭದ ದಿನಗಳ ಗಳಿಕೆಗೆ ಅದು ಪೈಸೆ ಪೈಸೆ ತಾಳೆಯಾಗುತ್ತಿತ್ತು. ಕಾಗದದ ಮೇಲೆ ಅವನಿಗೂ ಆ ಹೋಟೆಲಿಗೂ ಸಂಬಂಧವೇ ಇಲ್ಲ.

“ಚೀಟಿ ಯಾಕೆ ಜೇಬಲ್ಲಿ ಇಟ್ಕೊಂಡ?” ಮಾವನ ಮೊದಲ ಪ್ರಶ್ನೆ. ಗುಂಡು ಹಾರಿಸಿದವನು ಯಾರು ಅಂತ ಅವರು ಕೇಳಲಿಲ್ಲ.

ಆಮೇಲೆ ಎಪ್ಪತ್ತರ ದಶಕದಲ್ಲಿ ಕ್ಯಾನ್ಸಸ್ ಸಿಟಿಯ ಮಾಫಿಯಾದ ಕಾಲ. ಅವರ ಕಡೆಯ ಜೋ ಅಗೋಸ್ಟೊ ಎಂಬಾತ ಹೆಸರಿಗೆ ಆ ನೃತ್ಯ ಪ್ರದರ್ಶನದ ಮ್ಯಾನೇಜರ್. ನಿಜವಾದ ಕೆಲಸ ಕ್ಯಾಸಿನೊದ ಹಣ ಪುಸ್ತಕಕ್ಕೆ ಹತ್ತುವ ಮೊದಲೇ ಒಂದಿಷ್ಟು ಪಕ್ಕಕ್ಕೆ ತೆಗೆಸಿ ಊರಿಗೆ ಕಳಿಸುವುದು. ತೆರಿಗೆಯೂ ಇಲ್ಲ, ರಸೀದಿಯೂ ಇಲ್ಲ. ಎಫ್‌ಬಿಐನವರು ಫೋನು ಕದ್ದು ಕೇಳಿ ಇದನ್ನು ಹಿಡಿದರು. ದರೋಡೆ, ಕನ್ನ ಎಲ್ಲ ಮಾವನಿಗೆ ಸಹಜ. ಆದರೆ ಹಣ ಎಣಿಸಬೇಕಾದ ಜಾಗದಲ್ಲೇ ಕೈಯಾಡಿಸುವುದು ಅಂದರೆ ಅವರಿಗೆ ಯಾರೋ ಮನೆಯವರನ್ನೇ ಬೈದಷ್ಟು ಬೇಜಾರು. ಕಾಫಿ ಆರಿತು. ಈಜುಕೊಳದೊಳಗೆ ನಿಂತುಕೊಂಡೇ ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಾಟ ಆಡುವ ಮೇಜು ಹಿಂದೆ ಇಲ್ಲಿತ್ತು, ಒದ್ದೆ ನೋಟು ಒಣಗಿಸಲು ಮಷೀನೂ ಇಟ್ಟಿದ್ದರು ಅಂದ ಮೇಲೆ ಸ್ವಲ್ಪ ಸಮಾಧಾನವಾದರು. ಒದ್ದೆ ನೋಟಿನ ಕಷ್ಟ ಅವರಿಗೆ ಗೊತ್ತು, ಮಳೆಗಾಲದಲ್ಲಿ ಕೌಂಟರಿನಲ್ಲಿ ಕೂತವರು.

ಗುಂಡಿ ಒತ್ತಿ ಜೂಜಾಡುವ ಸ್ಲಾಟ್ ಮಷೀನುಗಳಲ್ಲಿ ಈಗ ಬಹುತೇಕ ನಾಣ್ಯವೇ ಇಲ್ಲ. ಗೆದ್ದರೆ ಬಾರ್‌ಕೋಡ್ ಇರುವ ಒಂದು ಚೀಟಿ ಬರುತ್ತದೆ, ಬಸ್ ಟಿಕೆಟಿನಂತೆ. ಹಾಗಾಗಿ ನೆನಪಿಗೆ ಏನಾದರೂ ಒಯ್ಯಬೇಕು ಅನ್ನುವವರಿಗೆ ಉಳಿದದ್ದು ಮೇಜಿನ ಚಿಪ್ ಮಾತ್ರ, ದುಡ್ಡಿನ ಬದಲು ಪಣಕ್ಕಿಡುವ, ಹೋಟೆಲಿನ ಹೆಸರು ಅಚ್ಚಾದ ಆ ಬಿಲ್ಲೆ. ಕ್ಯಾಷ್ ಕೌಂಟರಿನ ಮುಂದೆ ಅದಕ್ಕೇ ಕ್ಯೂ. ಒಂದು ಡಾಲರಿನದು ಎರಡು ಕೊಡಿ, ಐದರದ್ದು ಒಂದು ಕೊಡಿ, ಮೊಮ್ಮಕ್ಕಳಿಗೆ ಮೂರು.

“ಇದನ್ನ ವಾಪಸ್ ಕೊಟ್ರೆ ದುಡ್ಡು ಕೊಡ್ತಾರಾ?”

“ಕೊಡ್ತಾರೆ ಮಾವ. ಮುಚ್ಚಿದ ಮೇಲೂ ಕೆಲವು ತಿಂಗಳು ಕೊಡಬೇಕು, ಕಾನೂನು ಇದೆ.”

“ಹಾಗಾದ್ರೆ ಇದು ಸಾಮಾನಲ್ಲ. ಸಾಲದ ಚೀಟಿ.”

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನೆವಾಡಾದ ಜೂಜಿನ ನಿಯಮದಲ್ಲಿ ಹಾಗೇ ಇದೆ: ಚಿಪ್ ಅನ್ನುವ ಬಿಲ್ಲೆ ಕ್ಯಾಸಿನೊದ್ದೇ ಸ್ವತ್ತು, ಹಿಡಿದುಕೊಂಡವನಿಗೆ ಕ್ಯಾಸಿನೊ ಕೊಡಬೇಕಾದ ಬಾಕಿಗೆ ಅದು ಗುರುತು, ಅಷ್ಟೇ. ಬಾಗಿಲು ಹಾಕುವಾಗ ಇಂಥ ಬಾಕಿಗಳ ಲೆಕ್ಕ ಮುಗಿಸಬೇಕು. ಅದೇ ವರ್ಷ ಜುಲೈನಲ್ಲಿ ಮುಚ್ಚಿದ ಮಿರಾಜ್ ಹೋಟೆಲು ಹೀಗೇ ಸಿಕ್ಕಿಕೊಂಡಿತು. ಯಾರೂ ಗೆಲ್ಲದೆ ಗುಡ್ಡೆಬಿದ್ದಿದ್ದ ಸುಮಾರು ಹದಿನಾರು ಲಕ್ಷ ಡಾಲರ್ ಜಾಕ್‌ಪಾಟ್ ಹಣವನ್ನು ಕೊನೆಯ ವಾರದಲ್ಲಿ ಆಡಲು ಬಂದವರಿಗೆ ಹಂಚಿ ಖಾಲಿ ಮಾಡಬೇಕಾಯಿತು. ಕ್ಯಾಸಿನೊ ದಾನ ಮಾಡುತ್ತಿದೆ ಅಂತ ಜನ ಓಡಿದರು. ದಾನ ಎಲ್ಲಿಂದ ಬಂತು, ಅದೂ ಬಾಕಿಯೇ.

ಆದರೆ ಟ್ರಾಪಿಕಾನಾದ ಆ ಕ್ಯೂನಲ್ಲಿ ನಿಂತವರ್ಯಾರಿಗೂ ವಸೂಲಿ ಬೇಕಿರಲಿಲ್ಲ. ಇದು ನನಗೆ ಆವತ್ತಿನಿಂದ ತಲೆಯಲ್ಲಿ ಕೂತುಬಿಟ್ಟಿದೆ. ಅರವತ್ತೇಳು ವರ್ಷ ತುಂಬಲು ಕೆಲವೇ ದಿನ ಬಾಕಿ ಇದ್ದ ಆ ಹೋಟೆಲು ಬದುಕಿದ್ದೇ ಇವರು ಸೋತ ದುಡ್ಡಿನಿಂದ. ಅವರಿಗೆ ಅದು ಗೊತ್ತು. ಹನಿಮೂನಿಗೆ ಬಂದು ಇನ್ನೂರು ಕಳೆದುಕೊಂಡದ್ದನ್ನು ಒಬ್ಬರು ನಗುತ್ತಾ ಹೇಳುತ್ತಿದ್ದರು, ಕಳೆದದ್ದೇ ಒಂದು ಸಾಧನೆ ಎನ್ನುವ ಹಾಗೆ. ಕೊನೆಗೂ ಹೋಟೆಲು ಇವರಿಗೆ ಒಂದು ಡಾಲರ್ ಕೊಡಬೇಕು ಅಂತ ಸಹಿ ಹಾಕಿದ ಬಿಲ್ಲೆ ಕೈಗೆ ಬಂದಾಗ ಅದನ್ನು ಪರ್ಸಿಗೆ ಹಾಕಿಕೊಂಡು ಮನೆಗೆ ಹೊರಟರು. ಎಲ್ಲರೂ ಸೇರಿ ಆ ಹೋಟೆಲಿನ ಸಾಲ ಮನ್ನಾ ಮಾಡುತ್ತಿದ್ದರು, ಅದೂ ಕ್ಯೂನಲ್ಲಿ ನಿಂತು.

ಮಾವ ಐದು ಡಾಲರ್ ಕೊಟ್ಟು ಐದು ಬಿಲ್ಲೆ ತೆಗೆದುಕೊಂಡಿದ್ದರು. ಕೌಂಟರಿನ ಹೆಂಗಸು ಅವನ್ನು ಬೆರಳಲ್ಲಿ ಹರಡಿ, ಕ್ಯಾಮೆರಾಗೆ ಕಾಣುವಂತೆ ಸಾಲಾಗಿಟ್ಟು, ಮತ್ತೆ ಒಟ್ಟುಮಾಡಿ ಮುಂದಕ್ಕೆ ತಳ್ಳಿದಳು. ಮಾವ ಅಷ್ಟೇ ಗಂಭೀರವಾಗಿ ಎಣಿಸಿಕೊಂಡರು. ಇಡೀ ಹೋಟೆಲು ಅರ್ಧ ಗಂಟೆ ಸುತ್ತಿ, ಬಿಲ್ಲೆಯ ಅಂಚು, ಅಕ್ಷರ, ತೂಕ ಎಲ್ಲ ನೋಡಿ ಮುಗಿಸಿ, ಮತ್ತೆ ಅದೇ ಕ್ಯೂಗೆ ಬಂದು ನಿಂತರು, ವಾಪಸ್ ಕೊಡಲು!

“ಅಪ್ಪಾ, ಸುಮ್ನಿರಿ, ಎಲ್ಲರೂ ಇಟ್ಕೊಳ್ತಾರೆ,” ಅಂದಳು ನನ್ನ ಹೆಂಡತಿ.

“ಬಾಕಿ ಉಳಿಸ್ಕೊಂಡು ಹೋಗೋದು ಸರಿಯಲ್ಲಮ್ಮ. ಅವರ ಕ್ಲೋಸಿಂಗ್‌ಗೆ ತೊಂದರೆ.”

ಹಿಂದೆ ನಿಂತಿದ್ದ ಅಜ್ಜಿಗೆ ವಿಷಯ ಗೊತ್ತಾಗಿ, ನನಗೇ ಕೊಡಿ, ಹತ್ತು ಡಾಲರ್ ಕೊಡುತ್ತೇನೆ ಅಂದರು. ಮಾವ ಒಪ್ಪಲಿಲ್ಲ. ಐದಕ್ಕೆ ಐದು, ಮುಖಬೆಲೆ. ಆಕೆ ತುಂಬಾ ಒಳ್ಳೆಯವರು ನೀವು ಅಂತ ಕೈ ಹಿಡಿದುಕೊಂಡು ಕುಲುಕಿದರು. ಇದರಲ್ಲಿ ಒಳ್ಳೆಯತನ ಏನಿದೆ ಅನ್ನುವುದು ಮಾವನಿಗೆ ಈಗಲೂ ತಿಳಿದಿಲ್ಲ.

ಹೋಟೆಲಿದ್ದ ಆ ಮೂವತ್ತೈದು ಎಕರೆಯಲ್ಲಿ ಒಂಬತ್ತು ಎಕರೆ ಬೇಸ್‌ಬಾಲ್ ಸ್ಟೇಡಿಯಂಗೆ. ಓಕ್‌ಲ್ಯಾಂಡ್‌ನಲ್ಲಿದ್ದ ಅಥ್ಲೆಟಿಕ್ಸ್ ತಂಡ ವೇಗಸ್‌ಗೆ ಬರುತ್ತದೆ, 2028ಕ್ಕೆ ಶುರು ಮಾಡುವ ಯೋಜನೆ. ಅದಕ್ಕಾಗಿ 2024ರ ಅಕ್ಟೋಬರ್ 9ರ ರಾತ್ರಿ ಎರಡೂವರೆ ಗಂಟೆಗೆ ಎರಡೂ ಗೋಪುರಗಳನ್ನು ಸ್ಫೋಟಕ ಇಟ್ಟು ಬೀಳಿಸಿದರು. ಡ್ರೋನ್ ಪ್ರದರ್ಶನ, ಪಟಾಕಿ, ಎದುರಿನ ಹೋಟೆಲುಗಳ ಮೇಲೆ ನೋಡುವವರ ಪಾರ್ಟಿ. 1993ರಲ್ಲಿ ಡ್ಯೂನ್ಸ್ ಹೋಟೆಲನ್ನು ಹೀಗೇ ಹಬ್ಬ ಮಾಡಿ ಉರುಳಿಸಿದಾಗಿನಿಂದ ಇದು ಅಲ್ಲಿನ ರೂಢಿ. ನನಗಂತೂ ಸರಿಕಾಣಲಿಲ್ಲ. ಆದರೆ ವಿಡಿಯೊ ಮಾತ್ರ ಬಿಡದೆ ನೋಡಿದೆ, ಮಾವನಿಗೂ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

“ಆಯಮ್ಮ ಆ ಐದು ಬಿಲ್ಲೆ ವಾಪಸ್ ಕೊಟ್ಟು ದುಡ್ಡು ತಗೊಂಡಿರ್ತಾರಾ?”

ಇಲ್ಲ ಅಂದೆ. ಯಾರೂ ತಗೊಂಡಿರಲ್ಲ. ಹಿಂದೆಲ್ಲ ಕೆಲವು ಕ್ಯಾಸಿನೊಗಳು ತಮ್ಮ ಬಳಿ ಉಳಿದ ಹಳೇ ಚಿಪ್‌ಗಳನ್ನು ಹೊಸ ಕಟ್ಟಡದ ಪಾಯದ ಕಾಂಕ್ರೀಟಿನಲ್ಲೇ ಹಾಕಿ ಮುಚ್ಚಿದ್ದುಂಟು ಅಂತಲೂ ಹೇಳಿದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ, ಆಗಲೇ ಲೆಕ್ಕ ಶುರುವಾಗಿತ್ತು: ದಿನಕ್ಕೆ ಇಷ್ಟು ಜನ, ತಲೆಗೆ ಎರಡು ಬಿಲ್ಲೆ ಅಂತ ಇಟ್ಟುಕೊಂಡರೂ, ಕೊನೆಯ ವಾರಕ್ಕೆ ಒಟ್ಟು ಎಷ್ಟಾಯಿತು?

“ಮುಚ್ಚೋ ದಿನಗಳಲ್ಲೂ ಲಾಭ ಮಾಡಿದ್ದಾರೆ ನೋಡಿ,” ಅಂದರು. “ಇದನ್ನ ಯಾವ ಹೆಡ್ಡಿನಲ್ಲಿ ಬರ್ಕೊಂಡಿರ್ತಾರೆ?”