ತೆಂಡೆ ಎಣಿಸುವ ಕೆಲಸಕ್ಕೆ ಬೆಲೆ ಕೊಡಿ

2017ರಲ್ಲಿ ಶೈಲಜಾ ಹಿತ್ತಲಮನಿ ಅವರ ನೇತೃತ್ವದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ಎಂಎಲ್-365 ಎಂಬ ರಾಗಿ ತಳಿಯ ಜೀನೋಮ್ (ಅದರ ಜೀನ್‌ಗಳ ಒಟ್ಟು ವಿವರ) ಪ್ರಕಟಿಸಿತು. ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಯಾವ ಜೀನ್ ಬರ ತಡೆಯುತ್ತದೆ, ಯಾವುದು ಎಲೆ, ತೆನೆ ಸುಟ್ಟಂತಾಗುವ ಬೆಂಕಿ ರೋಗ ತಡೆಯುತ್ತದೆ ಅಂತ ತಿಳಿಯಲು ನೂರಾರು ತಳಿಗಳನ್ನು ಹೊಲದಲ್ಲಿ ಬೆಳೆಸಿ ಅಳೆಯಲೇಬೇಕು. ಆ ಅಳತೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಬೇಸರ ಇರುವುದು ಅಲ್ಲೇ.

ಅಳೆಯುವುದಿರಲಿ, ಹೊಸ ತಳಿ ಹುಟ್ಟಿಸುವುದೂ ಕಣ್ಣಿನ ಕೆಲಸವೇ. ರಾಗಿ ಹೂವು ತೀರಾ ಚಿಕ್ಕದು, ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಕೈಯಲ್ಲಿ ಕೇಸರ ಕಿತ್ತು ಅಡ್ಡತಳಿ ಮಾಡುವುದು ಬಹಳ ಕಷ್ಟ. ಹಾಗಾಗಿ ಎರಡು ತಳಿಗಳ ತೆನೆಗಳನ್ನು ಒಟ್ಟಿಗೆ ಕಟ್ಟಿಬಿಡುವ ಪದ್ಧತಿ ಇದೆ. ತಾಯಿ ಹಸಿರು ಗಿಡ, ತಂದೆ ಗೆಣ್ಣಿನಲ್ಲಿ ನೇರಳೆ ಬಣ್ಣ ಇರುವ ಗಿಡ. ತಾಯಿಯ ಕಾಳು ಬಿತ್ತಿದ ಮೇಲೆ ಹಸಿರು ಸಾಲಿನ ಮಧ್ಯೆ ಅಲ್ಲೊಂದು ಇಲ್ಲೊಂದು ನೇರಳೆ ಗೆಣ್ಣು ಕಾಣುತ್ತದೆ. ತಂದೆಯ ಬಣ್ಣ ಬಂದಿರುವ ಅದೇ ನಮಗೆ ಬೇಕಾದ ಅಡ್ಡತಳಿ ಗಿಡ. ಕಣ್ಣು ತಪ್ಪಿದರೆ ಅಷ್ಟೂ ಶ್ರಮ ವ್ಯರ್ಥ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಸಿ.ಎಚ್. ಲಕ್ಷ್ಮಣಯ್ಯನವರ ಕಾಲದಲ್ಲಿ ಡ್ರೋನ್ ಇರಲಿಲ್ಲ, ಜೀನೋಮೂ ಇರಲಿಲ್ಲ.

ಹೊಲದಲ್ಲಿ ಏನೇನು ಅಳೆಯುತ್ತಾರೆ? ತಾಕಿನ (ಒಂದು ತಳಿ ಬೆಳೆಸಿದ ತುಂಡು ಹೊಲದ) ಅರ್ಧದಷ್ಟು ಗಿಡ ತೆನೆ ಹಾಕಿದ್ದು ಯಾವತ್ತು, ಗಿಡದ ಎತ್ತರ ಎಷ್ಟು, ತೆನೆ ಬಿಟ್ಟ ತೆಂಡೆ (ಬುಡದಿಂದ ಒಡೆದ ಕವಲು) ಎಷ್ಟು, ತೆನೆಯಲ್ಲಿ ಇಲುಕು (ಬೆರಳಿನಂಥ ಎಸಳು) ಎಷ್ಟು. ಕಟಾವಾದ ಮೇಲೆ ಸಾವಿರ ಕಾಳಿನ ತೂಕ. ಅದು ಇರುವುದೇ ಸುಮಾರು 3 ಗ್ರಾಂ, ಹಾಗಾಗಿ ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಲೆಕ್ಕ ಕೆಡುತ್ತದೆ. ಅಂಚಿನ ಸಾಲಿನ ಗಿಡ ಅಳೆಯುವಂತಿಲ್ಲ, ಅದಕ್ಕೆ ಬೆಳಕು, ಜಾಗ ಎರಡೂ ಜಾಸ್ತಿ. ಮಧ್ಯದ ಗಿಡಗಳಿಗೆ ಚೀಟಿ ಕಟ್ಟಿ, ಕೊನೇತನಕ ಅವನ್ನೇ ಅಳೆಯಬೇಕು. ಬೆಂಕಿ ರೋಗವನ್ನು ಎಲೆ, ಕುತ್ತಿಗೆ, ಇಲುಕು ಅಂತ ಬೇರೆ ಬೇರೆಯಾಗಿ ನೋಡಿ ಅಂಕ ಕೊಡಬೇಕು. ಒಂದು ತಾಕಿಗೆ ಒಬ್ಬರು, ಪಕ್ಕದ್ದಕ್ಕೆ ಇನ್ನೊಬ್ಬರು ಅಂಕ ಕೊಟ್ಟರೆ ತಳಿಗಳ ವ್ಯತ್ಯಾಸ ಯಾವುದು, ಕಣ್ಣುಗಳ ವ್ಯತ್ಯಾಸ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಡ್ರೋನ್ ಬರಲಿ, ನಾನು ವಿರೋಧಿಯಲ್ಲ. ಎತ್ತರ, ಹಸಿರು, ನೆಲ ಎಷ್ಟು ಮುಚ್ಚಿದೆ ಅನ್ನುವುದನ್ನು ಅದು ಬೇಗ ಅಳೆಯುತ್ತದೆ. ಆದರೆ ಎಲೆಗಳ ಅಡಿಯಲ್ಲಿರುವ ತೆಂಡೆ ಮೇಲಿನಿಂದ ಕಾಣಲ್ಲ. ಡ್ರೋನ್ ಕೊಡುವ ಸಂಖ್ಯೆ ಸರಿಯೋ ಇಲ್ಲವೋ ಅಂತ ನೋಡಲಿಕ್ಕೂ ಕೈಯಲ್ಲಿ ತೆಗೆದ ಅಳತೆಯೇ ಬೇಕು, ಅಲ್ವಾ?

ಇನ್ನೊಂದು ಮಾತು. ದನ ಕಟ್ಟಿದ ರೈತರು ಕಾಳಿನಷ್ಟೇ ಹುಲ್ಲನ್ನೂ ನೋಡುತ್ತಾರೆ. ಮೆದೆ ಚಿಕ್ಕದಾದರೆ ಇಳುವರಿ ಎಷ್ಟಿದ್ದರೂ ಆ ತಳಿ ಅವರಿಗೆ ಬೇಡ. ಹುಲ್ಲಿನ ತೂಕ ಬರೆದುಕೊಳ್ಳುತ್ತಾರೆ ನಿಜ. ಆದರೆ ದನ ಅದನ್ನು ಇಷ್ಟಪಟ್ಟು ತಿನ್ನುತ್ತದಾ, ಅರ್ಧ ಬಿಟ್ಟೇಳುತ್ತದಾ ಅನ್ನುವುದನ್ನೂ ನೋಡಬೇಕು ಅಂತ ನನ್ನ ಒತ್ತಾಯ. ಮಳೆಯನ್ನೇ ನಂಬಿದ ರೈತರ ಹೊಲದಲ್ಲೂ ಅಳೆಯಬೇಕು. ಹದವಾಗಿ ನೀರು ಸಿಗುವ ಫಾರಂನಲ್ಲಿ ಗೆದ್ದ ತಳಿ ಅಲ್ಲೂ ಗೆಲ್ಲುತ್ತದೆ ಅನ್ನಲು ಬರಲ್ಲ.

ಈ ಅಳತೆಯನ್ನೆಲ್ಲ ಮಾಡುವವರು ಯಾರು? ಎಂಎಸ್ಸಿ ವಿದ್ಯಾರ್ಥಿಗಳು, ದಿನಗೂಲಿ ಹೆಣ್ಣುಮಕ್ಕಳು. ಹಲವು ಹಂಗಾಮು ಅದೇ ತಾಕುಗಳಲ್ಲಿ ದುಡಿದವರ ಕಣ್ಣಿಗೆ ರೋಗದ ಮೊದಲ ಚುಕ್ಕೆ ಬೇಗ ಬೀಳುತ್ತದೆ. ಯೋಜನೆ ಮುಗಿದ ಕೂಡಲೇ ಅವರನ್ನು ಕಳಿಸಬೇಡಿ. ಅವರಿಗೆ ತರಬೇತಿ ಕೊಡಿ, ಕಾಯಂ ಕೆಲಸ ಕೊಡಿ, ತಳಿ ಬಿಡುಗಡೆಯಾದಾಗ ವರದಿಯಲ್ಲಿ ಅವರ ಹೆಸರನ್ನೂ ಬರೆಯಿರಿ.